ಕುಟುಂಬದ ಕ್ರೂಸ್ ಪ್ರವಾಸ ಮತ್ತು ಮದ್ಯಪಾನ: ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮಕ್ಕಳ ರಜೆಯಲ್ಲಿ, ಊರಿನಿಂದ ಬಂದ ಅಜ್ಜ ಅಜ್ಜಿಯರನ್ನೂ ಕೂಡಿಕೊಂಡು, ಮಯಾಮಿ, ಪೋರ್ಟ್ ಕೆನಾವೆರಲ್ ಅಥವಾ ಗ್ಯಾಲ್ವೆಸ್ಟನ್ ಬಂದರಿನಿಂದ ಕೆರಿಬಿಯನ್ ಕಡಲಿನ ಕ್ರೂಸ್‌ಗೆ ಹೊರಡುವುದು ಈಗ ಅಪರೂಪವಲ್ಲ. ಟಿಕೆಟ್ ಕಾದಿರಿಸುವ ಹೊತ್ತಿಗೆ ಎಲ್ಲರೂ ಸಸ್ಯಾಹಾರ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಮದ್ಯದ ವಿಷಯವನ್ನು ಮಾತ್ರ ಹಡಗು ಹತ್ತಿದ ಮೇಲೆ, ಹೆಜ್ಜೆಗೊಂದು ಬಾರ್ ಕಂಡಾಗ, ಗಂಡ ಹೆಂಡತಿ ತಗ್ಗಿದ ದನಿಯಲ್ಲಿ ಚರ್ಚಿಸುತ್ತಾರೆ. ಇಬ್ಬರು ಮಕ್ಕಳೊಂದಿಗೆ ಇಂಥ ಪ್ರವಾಸಗಳನ್ನು ಮಾಡಿರುವ ನನ್ನನ್ನು ಪರಿಚಿತರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ನಿಯಮಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ, ಆಗಾಗ ಬದಲಾಗುತ್ತವೆ. ಆದ್ದರಿಂದ ಹೊರಡುವ ಮುನ್ನ ನಿಮ್ಮ ಹಡಗಿನ ನಿಯಮಪತ್ರವನ್ನು ಒಮ್ಮೆ ಓದಿಕೊಳ್ಳಬೇಕು.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಕ್ರೂಸ್‌ಗೆ ಹೋಗುವುದೆಂದರೆ ಬಾರ್‌ಗೆ ಕರೆದೊಯ್ದಂತೆಯೇ ಅಲ್ಲವೇ?

ಹಾಗೆನ್ನಲು ಬರುವುದಿಲ್ಲ, ಆದರೆ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಟಿಕೆಟ್ ದರದಲ್ಲಿ ಊಟ, ವಸತಿ, ಮನರಂಜನೆ ಎಲ್ಲವೂ ಸೇರಿರುತ್ತವೆ. ಮದ್ಯ, ಜೂಜು, ದಡದ ಪ್ರವಾಸಗಳು ಹೊರಗಿರುತ್ತವೆ. ಕಂಪನಿಯ ಲಾಭದಲ್ಲಿ ದೊಡ್ಡ ಪಾಲು ಬರುವುದು ಈ ಹೊರಗಿಟ್ಟ ಬಾಬತ್ತುಗಳಿಂದಲೇ ಆದ್ದರಿಂದ ಈಜುಕೊಳದ ಪಕ್ಕದಲ್ಲಿ, ನಾಟಕಶಾಲೆಯ ಬಾಗಿಲಲ್ಲಿ, ಲಿಫ್ಟ್ ಇಳಿದ ಜಾಗದಲ್ಲಿ ಬಾರ್ ಇರುವುದು ಆಕಸ್ಮಿಕವಲ್ಲ. ಹಡಗು ಯಾವ ಬಂದರಿಗೂ ಹೋಗದ ದಿನ ಬೆಳಿಗ್ಗೆ 11 ಗಂಟೆಗೆ ಈಜುಕೊಳದ ಡೆಕ್‌ನಲ್ಲಿ ನಿಂತು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಂದು ಕಡೆ ತೋಳಿಗೆ ಗಾಳಿಚೀಲ ಕಟ್ಟಿಕೊಂಡ ಮಕ್ಕಳು. ಪಕ್ಕದ ಕುರ್ಚಿಗಳಲ್ಲಿ ಎರಡನೆಯದೋ ಮೂರನೆಯದೋ ಗ್ಲಾಸು ಹಿಡಿದ ದೊಡ್ಡವರು. ನಡುವೆ ಟ್ರೇ ಹಿಡಿದು ಓಡಾಡುವ ಸಿಬ್ಬಂದಿ.

ಈ ದೃಶ್ಯ ಕಂಡು ಗಾಬರಿಯಾಗುವ ಅಗತ್ಯವಿಲ್ಲ. ನನ್ನ ಅನುಭವದಲ್ಲಿ ಬಾರ್‌ನವನು ನಮ್ಮ ಮಗುವಿಗೆ ಮದ್ಯ ಮಾರುವ ಅಪಾಯ ಕಡಿಮೆ. ಕೆಲಸಕ್ಕೆ ಬರುವ ಪ್ರಶ್ನೆ ಬೇರೆಯೇ ಇದೆ: ರಾತ್ರಿ 11 ಗಂಟೆಗೆ ನಮ್ಮ ಕುಟುಂಬದಲ್ಲಿ ಎಚ್ಚರದ ತಲೆ ಇರುವ ದೊಡ್ಡವರು ಯಾರಿದ್ದಾರೆ? ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಸುತ್ತಲೇ ಇವೆ.

ಪ್ರಶ್ನೆ: ಹಡಗಿನಲ್ಲಿ ಕುಡಿಯಲು ಎಷ್ಟು ವಯಸ್ಸಾಗಿರಬೇಕು? ನಡುಗಡಲಿನಲ್ಲಿ ಯಾವ ಕಾನೂನೂ ಇರುವುದಿಲ್ಲ ಎನ್ನುತ್ತಾರೆ, ನಿಜವೇ?

ಕಾನೂನು ಇರುತ್ತದೆ. ಹಡಗು ಯಾವ ದೇಶದ ಧ್ವಜ ಹಾರಿಸುತ್ತದೆಯೋ ಆ ದೇಶದ ಕಾನೂನು ಅದಕ್ಕೆ ಅನ್ವಯಿಸುತ್ತದೆ. ಅಮೆರಿಕದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾ, ಬರ್ಮುಡಾ ಅಥವಾ ಮಾಲ್ಟಾದಲ್ಲಿ ನೋಂದಾಯಿತವಾದವು. ಆದರೆ ಕುಡಿಯುವ ವಯಸ್ಸಿನ ವಿಷಯದಲ್ಲಿ ಧ್ವಜಕ್ಕಿಂತ ಕಂಪನಿಯ ಸ್ವಂತ ನಿಯಮವೇ ಬಿಗಿಯಾಗಿರುತ್ತದೆ. ರಾಯಲ್ ಕೆರಿಬಿಯನ್, ಕಾರ್ನಿವಲ್, ಡಿಸ್ನಿ, ಪ್ರಿನ್ಸೆಸ್ ಮುಂತಾದ ಕಂಪನಿಗಳ ಹಡಗುಗಳು ಅಮೆರಿಕದ ಬಂದರಿನಿಂದ ಹೊರಟರೆ ಕನಿಷ್ಠ ವಯಸ್ಸು 21. ಹಡಗು ಬಹಾಮಾಸ್ ತಲುಪಿತೆಂದು ಅದು 18ಕ್ಕೆ ಇಳಿಯುವುದಿಲ್ಲ. ಅದೇ ರಾಯಲ್ ಕೆರಿಬಿಯನ್ ಹಡಗು ಸಿಂಗಪುರದಿಂದಲೋ ಯುರೋಪಿನಿಂದಲೋ ಆಸ್ಟ್ರೇಲಿಯಾದಿಂದಲೋ ಹೊರಟರೆ ವಯೋಮಿತಿ 18. ಕಳೆದ ವರ್ಷ ಫ್ಲಾರಿಡಾದಿಂದ ಹೋಗಿಬಂದವರು ಹೇಳಿದ ನಿಯಮ ಸಿಂಗಪುರದಿಂದ ಹೊರಡುವವರಿಗೆ ಅನ್ವಯಿಸದೇ ಇರುವುದು ಈ ಕಾರಣಕ್ಕೆ.

ಪ್ರಶ್ನೆ: ನನ್ನ ಮಗನಿಗೆ 19. ತಂದೆಯಾದ ನಾನೇ ಒಪ್ಪಿ, ನನ್ನೆದುರಿಗೇ ಒಂದು ಬಿಯರ್ ಕೊಡಿಸಿದರೆ ತಪ್ಪೇನು?

ಅಮೆರಿಕದಿಂದ ಹೊರಟ ಹಡಗಿನಲ್ಲಿ ಅದು ನಿಯಮದ ಉಲ್ಲಂಘನೆ. ತಂದೆಯ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ಸಿಕ್ಕಿಬಿದ್ದರೆ ಕೇಳಿಸಿಕೊಳ್ಳುವುದು ಮಗನಿಗಿಂತ ಮೊದಲು ಕೊಡಿಸಿದ ದೊಡ್ಡವರು. ಮದ್ಯ ಖರೀದಿಸುವ ಸೌಲಭ್ಯವನ್ನು ರದ್ದುಪಡಿಸುವುದರಿಂದ ಹಿಡಿದು ಮುಂದಿನ ಬಂದರಿನಲ್ಲಿ ಸ್ವಂತ ಖರ್ಚಿನಲ್ಲಿ ಇಳಿಸಿಬಿಡುವವರೆಗೆ ಕಂಪನಿಗೆ ಅಧಿಕಾರವಿದೆ. ಭಾರತೀಯ ಪಾಸ್‌ಪೋರ್ಟ್, ವೀಸಾ ಚೀಟಿ ಹಿಡಿದುಕೊಂಡು ಯಾವುದೋ ದ್ವೀಪದಲ್ಲಿ ಇಳಿದು ವಿಮಾನ ಹುಡುಕುವ ಪಾಡು ಒಂದು ಬಿಯರ್‌ಗಾಗಿ ಬೇಡ.

ಒಂದು ವಿನಾಯಿತಿಯನ್ನು ಹೇಳಬೇಕು. ಯುರೋಪಿನಲ್ಲಿ ಹೊರಟು ಯುರೋಪಿನಲ್ಲೇ ಮುಗಿಯುವ ಕೆಲವು ಯಾನಗಳಲ್ಲಿ, ಉದಾಹರಣೆಗೆ ಡಿಸ್ನಿಯ ಹಡಗುಗಳಲ್ಲಿ, ಜೊತೆಗೆ ಪ್ರಯಾಣಿಸುವ ತಂದೆ ಅಥವಾ ತಾಯಿ ಲಿಖಿತ ಒಪ್ಪಿಗೆ ಕೊಟ್ಟು, ತಾವೂ ಎದುರಿಗಿದ್ದರೆ, 18ರಿಂದ 20 ವಯಸ್ಸಿನವರು ಕುಡಿಯಲು ಅವಕಾಶವಿದೆ.

ಪ್ರಶ್ನೆ: ಹೈಸ್ಕೂಲಿನ ಮಕ್ಕಳಿಗೆ ಬಾರ್‌ನಲ್ಲಿ ಕೊಡುವುದಿಲ್ಲ ಎಂದರೆ ಚಿಂತೆಯೇ ಇಲ್ಲವಲ್ಲ?

ಬಾರ್‌ನಲ್ಲಿ ಕೊಡುವುದಿಲ್ಲ, ನಿಜ. ಹಡಗಿನಲ್ಲಿ ನಗದು ಓಡುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಅಥವಾ ಕೈಪಟ್ಟಿ ಇರುತ್ತದೆ, ಅದೇ ಕ್ಯಾಬಿನ್ನಿನ ಬೀಗದ ಕೈ, ಅದೇ ಹಣದ ಚೀಲ. ಬಾರ್‌ಟೆಂಡರ್ ಅದನ್ನು ಯಂತ್ರಕ್ಕೆ ತಾಗಿಸಿದೊಡನೆ, ಹಡಗಿಗೆ ಹತ್ತಿಸಿಕೊಳ್ಳುವಾಗ ತೆಗೆದ ಫೋಟೊ ಮತ್ತು ವಯಸ್ಸಿನ ಮಾಹಿತಿ ಪರದೆಯಲ್ಲಿ ಮೂಡುತ್ತದೆ. ಅಣ್ಣನ ಕಾರ್ಡ್ ತಂದ ತಮ್ಮ ಅಲ್ಲೇ ಸಿಕ್ಕಿಬೀಳುತ್ತಾನೆ. ಬೆಂಗಳೂರಿನ ಎಷ್ಟೋ ವೈನ್ ಶಾಪುಗಳಿಗಿಂತ ಇಲ್ಲಿ ತಪಾಸಣೆ ಬಿಗಿಯಾಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಹದಿಹರೆಯದವರಿಗೆ ಮದ್ಯ ಸಿಗುವುದು ಬೇರೆ ದಾರಿಗಳಿಂದ. ಮೊದಲನೆಯದು, ಕುಡಿದು ಅರ್ಧಕ್ಕೆ ಬಿಟ್ಟುಹೋದ ಗ್ಲಾಸುಗಳು. ಈಜುಕೊಳದ ಡೆಕ್‌ನಲ್ಲೂ ತಡರಾತ್ರಿಯ ಲೌಂಜಿನಲ್ಲೂ ಇವಕ್ಕೆ ಬರವಿಲ್ಲ. ಎರಡನೆಯದು, ಅಲ್ಲೇ ಪರಿಚಯವಾದ, 21 ದಾಟಿದ ಹುಡುಗ ಹುಡುಗಿಯರು. ತಮ್ಮ ಕಾರ್ಡಿನಲ್ಲಿ ಎರಡು ಪಾನೀಯ ತಂದು ಒಂದನ್ನು ದಾಟಿಸುವುದು ಅವರಿಗೆ ದೊಡ್ಡತನ. ಮೂರನೆಯದು, ಮನೆಯಿಂದಲೇ ತಂದದ್ದು: ಮೌತ್‌ವಾಶ್ ಬಾಟಲಿಗೆ ಹಸಿರು ಬಣ್ಣ ಬೆರೆಸಿದ ವೋಡ್ಕಾ ತುಂಬುವುದು, ಶಾಂಪೂ ಚೀಲದಂತೆ ಕಾಣುವ ಮಡಚುವ ಪ್ಲಾಸ್ಟಿಕ್ ಚೀಲಗಳು. ಇಂಥ ಚೀಲಗಳನ್ನು ಕ್ರೂಸ್‌ಗೆಂದೇ ಆನ್‌ಲೈನಿನಲ್ಲಿ ಮಾರುತ್ತಾರೆ. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು, ದೊಡ್ಡವರಿಲ್ಲದ ಕ್ಯಾಬಿನ್. ತಂದೆತಾಯಿ ಒಂದು ಕ್ಯಾಬಿನ್, ಮಕ್ಕಳು ಎದುರಿನ ಅಥವಾ ಪಕ್ಕದ ಕ್ಯಾಬಿನ್ ಎಂದು ಹಂಚಿಕೊಂಡ ಕುಟುಂಬಗಳು ಎಲ್ಲ ಯಾನಗಳಲ್ಲೂ ಇರುತ್ತವೆ, ಮತ್ತು ಎರಡನೆಯ ದಿನದ ಹೊತ್ತಿಗೆ ಹದಿಹರೆಯದವರೆಲ್ಲರಿಗೂ ಅಂಥ ಕ್ಯಾಬಿನ್ ಯಾವುದೆಂದು ಗೊತ್ತಿರುತ್ತದೆ.

ಇದರ ಜೊತೆಗೆ ಹದಿಹರೆಯದವರ ಕ್ಲಬ್‌ನ ಸ್ವರೂಪವನ್ನೂ ತಿಳಿದಿರಬೇಕು. ಚಿಕ್ಕ ಮಕ್ಕಳ ಕ್ಲಬ್‌ನಲ್ಲಿ ತಂದೆತಾಯಿ ಬಂದು ಸಹಿ ಹಾಕಿ ಕರೆದುಕೊಂಡು ಹೋಗಬೇಕು. ಹದಿಹರೆಯದವರ ಕ್ಲಬ್‌ನಲ್ಲಿ ಹಾಗಿಲ್ಲ, ಅವರು ಬೇಕಾದಾಗ ಬಂದು ಬೇಕಾದಾಗ ಹೋಗಬಹುದು. "ಮಗಳು ಕ್ಲಬ್‌ನಲ್ಲಿದ್ದಾಳೆ" ಎಂದು ನಾವು ನೆಮ್ಮದಿಯಿಂದ ನಾಟಕ ನೋಡುತ್ತಿರುವಾಗ ಅವಳು ಹದಿನಾಲ್ಕನೆಯ ಡೆಕ್‌ನಲ್ಲಿ ಇರಬಹುದು. ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ 17 ಮತ್ತು ಅದಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಿಲ್ಲದೆ ರಾತ್ರಿ 1 ಗಂಟೆಯ ನಂತರ ಸಾರ್ವಜನಿಕ ಜಾಗಗಳಲ್ಲಿ ತಿರುಗುವಂತಿಲ್ಲ. ಆ 1 ಗಂಟೆ ಕಂಪನಿಯ ಗಡಿ. ನಿಮ್ಮ ಮನೆಯ ಗಡಿ 11 ಗಂಟೆ ಎಂದು ನೀವು ಹೇಳಲು ಯಾರ ಅಡ್ಡಿಯೂ ಇಲ್ಲ. ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು: ಪ್ರತಿ ಕ್ಯಾಬಿನ್ನಿನಲ್ಲೂ ಒಬ್ಬ ದೊಡ್ಡವರು, ಬೇರೆಯವರ ಕ್ಯಾಬಿನ್‌ಗೆ ಹೋಗುವುದು ಬೇಡ, ನಮ್ಮದಕ್ಕೆ ಕರೆತರುವುದಾದರೆ ಅಡ್ಡಿಯಿಲ್ಲ. ಅಜ್ಜಿಯೂ ಮೊಮ್ಮಗಳೂ ಒಂದು ಕ್ಯಾಬಿನ್ ಎಂದಾಗ ಮೊದಲು ಮುಖ ಊದಿಸಿದ ಮಗಳು, ಮೂರನೆಯ ದಿನ ಅಜ್ಜಿಗೆ ತನ್ನ ಹೊಸ ಗೆಳತಿಯರನ್ನು ಪರಿಚಯಿಸುತ್ತಿದ್ದಳು.

ಪ್ರಶ್ನೆ: ದಡಕ್ಕೆ ಇಳಿದಾಗ?

ಹಡಗಿಗಿಂತ ದಡದ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಮೆಕ್ಸಿಕೊದಲ್ಲಿಯೂ ಬಹಾಮಾಸ್‌ನಲ್ಲಿಯೂ ಕುಡಿಯುವ ವಯಸ್ಸು 18. ಕೊಜುಮೆಲ್ ಅಥವಾ ನಸ್ಸಾವ್‌ನಲ್ಲಿ ಇಳಿದ ಕಾಲೇಜಿನ ಹುಡುಗನಿಗೆ ಹಡಗಿನಲ್ಲಿ ನಿಷಿದ್ಧವಾದದ್ದು ಅಲ್ಲಿ ಕಾನೂನುಬದ್ಧ. ಬಿಸಿಲು, ಬಾಯಾರಿಕೆ, ಬೆಳಗಿನ ಅರೆಹೊಟ್ಟೆ, ಅದರ ಮೇಲೆ ಟಕೀಲಾ. ಸಂಜೆ ಹಡಗು ಹೊರಡುವ ಹೊತ್ತಿಗೆ ಬಂದರಿನ ಕಟ್ಟೆಯ ಮೇಲೆ ತೂರಾಡುತ್ತಾ ಓಡಿಬರುವವರನ್ನು ಬಾಲ್ಕನಿಯಿಂದ ನೋಡುವುದೇ ಕೆಲವರಿಗೆ ಮನರಂಜನೆ. ಹಡಗು ಸ್ವತಂತ್ರವಾಗಿ ಸುತ್ತಾಡುವವರಿಗಾಗಿ ಕಾಯುವುದಿಲ್ಲ. ದಡದಲ್ಲಿ ಕೊಂಡ ಬಾಟಲಿಯನ್ನು ಹತ್ತುವಾಗ ತಪಾಸಣೆಯಲ್ಲಿ ಪಡೆದು, ಸಾಮಾನ್ಯವಾಗಿ ಪ್ರವಾಸದ ಕೊನೆಯಲ್ಲಿ ಹಿಂತಿರುಗಿಸುತ್ತಾರೆ.

ಪ್ರಶ್ನೆ: ಮಕ್ಕಳಿಗೆ ಮಾಕ್‌ಟೇಲ್ ಕೊಡಿಸುವುದು ಸುರಕ್ಷಿತವೇ?

ಸುರಕ್ಷಿತ, ಆದರೆ ಮೊದಲ ಗುಟುಕು ನೀವು ಕುಡಿದು ನೋಡಿದ ಮೇಲೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾವು ಹೋಗಿದ್ದ ಒಂದು ಹಡಗಿನಲ್ಲಿ, ಈಜುಕೊಳದ ಪಕ್ಕದ ಗಿಜಿಗುಡುವ ಬಾರ್‌ನಲ್ಲಿ, ಒಂಬತ್ತು ವರ್ಷದ ಮಗನಿಗೆ ರಮ್ ಇಲ್ಲದ ಪೀನಾ ಕೊಲಾಡಾ, ನನ್ನ ಗಂಡನಿಗೆ ರಮ್ ಇರುವ ಪೀನಾ ಕೊಲಾಡಾ ಹೇಳಿದ್ದೆವು. ಎರಡೂ ಒಂದೇ ಬಗೆಯ ಗ್ಲಾಸಿನಲ್ಲಿ, ಒಂದೇ ಬಿಳಿ ನೊರೆ, ಒಂದೇ ಅನಾನಸ್ ಹೋಳು, ಒಂದೇ ಕೆಂಪು ಚೆರ್ರಿಯೊಂದಿಗೆ ಬಂದವು. ಮಗ ಎರಡು ಗುಟುಕು ಎಳೆದು "ಅಮ್ಮಾ, ಇದು ಕೆಮ್ಮಿನ ಔಷಧಿ ತರಹ ಇದೆ" ಎಂದ. ತೆಂಗಿನ ಹಾಲು, ಅನಾನಸ್ಸಿನ ಸಿಹಿ ರಮ್ಮಿನ ವಾಸನೆಯನ್ನು ಎಷ್ಟು ಚೆನ್ನಾಗಿ ಮುಚ್ಚಿತ್ತೆಂದರೆ, ಬೇರೆ ಮಗುವಾಗಿದ್ದರೆ ಬಾಯಾರಿಕೆಗೆ ಪೂರ್ತಿ ಕುಡಿದುಬಿಡುತ್ತಿತ್ತು. ಪರಿಚಾರಕ ನಿಜವಾಗಿಯೂ ನೊಂದುಕೊಂಡ, ಏನೂ ಆಗಲಿಲ್ಲ. ಅಂದಿನಿಂದ ನಾವು ಮಕ್ಕಳ ಪಾನೀಯವನ್ನು ದೊಡ್ಡವರದರ ಜೊತೆ ಒಂದೇ ಸಲಕ್ಕೆ ಹೇಳುವುದಿಲ್ಲ, ಬೇರೆ ಬಣ್ಣದ್ದನ್ನೇ ಆರಿಸುತ್ತೇವೆ, ಬಂದದ್ದನ್ನು ಮೊದಲು ನಾನು ರುಚಿ ನೋಡುತ್ತೇನೆ.

ಮದ್ಯವನ್ನು ಮುಟ್ಟದ ಹಿರಿಯರಿರುವ ಕುಟುಂಬದವರು ಊಟದ ವಿಷಯದಲ್ಲಿಯೂ ಒಂದು ಮಾತು ಕೇಳಿಕೊಳ್ಳಬೇಕು. ತಿರಮಿಸು, ರಮ್ ಕೇಕ್, ಕೆಲವು ಸಾಸ್‌ಗಳಲ್ಲಿ ಮದ್ಯ ಬಳಸುವ ರೂಢಿಯಿದೆ, ಬೇಯಿಸಿದ ಮಾತ್ರಕ್ಕೆ ಅದೆಲ್ಲವೂ ಆವಿಯಾಗುವುದಿಲ್ಲ. ಮೊದಲ ರಾತ್ರಿಯೇ ಮುಖ್ಯ ಪರಿಚಾರಕರಿಗೆ "ಮೊಟ್ಟೆ, ಮಾಂಸದಂತೆಯೇ ಮದ್ಯವೂ ನಮ್ಮ ಊಟದಲ್ಲಿ ಬೇಡ" ಎಂದರೆ ಅವರು ಬರೆದುಕೊಳ್ಳುತ್ತಾರೆ.

ಪ್ರಶ್ನೆ: ಗಂಡನಿಗೆ ಡ್ರಿಂಕ್ ಪ್ಯಾಕೇಜ್ ಬೇಕಂತೆ. ನಾನು ಕುಡಿಯುವುದಿಲ್ಲ. ನಾನೂ ಕೊಳ್ಳಲೇಬೇಕೇ?

ರಾಯಲ್ ಕೆರಿಬಿಯನ್ ಮತ್ತು ಕಾರ್ನಿವಲ್‌ನಲ್ಲಿ ನಿಯಮ ಹಾಗೆಯೇ ಇದೆ: ಒಂದು ಕ್ಯಾಬಿನ್ನಿನಲ್ಲಿ 21 ದಾಟಿದ ಒಬ್ಬರು ಮದ್ಯದ ಪ್ಯಾಕೇಜ್ (ದಿನಕ್ಕಿಷ್ಟೆಂದು ಹಣ ಕಟ್ಟಿ, ಗ್ಲಾಸಿಗೊಂದು ಬಿಲ್ಲಿಲ್ಲದೆ ಕುಡಿಯುವ ಏರ್ಪಾಡು) ಕೊಂಡರೆ ಅಲ್ಲಿರುವ ಉಳಿದ ವಯಸ್ಕರೂ ಕೊಳ್ಳಬೇಕು. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು ಮುಂಚಿತವಾಗಿ ಕೇಳಿಕೊಂಡರೆ ಮದ್ಯವಿಲ್ಲದ ಪ್ಯಾಕೇಜಿಗೆ ಒಪ್ಪುವುದುಂಟು. ದಿನದ ದರದ ಮೇಲೆ ನೂರಕ್ಕೆ 18ರಿಂದ 20ರಷ್ಟು ಟಿಪ್ಸ್ ಸೇರಿಸಿ, ಅದನ್ನು ಏಳು ದಿನಕ್ಕೂ ಇಬ್ಬರಿಗೂ ಗುಣಿಸಿದರೆ ಮೊತ್ತ ಒಬ್ಬ ಮಗುವಿನ ಟಿಕೆಟ್ಟನ್ನು ಸುಲಭವಾಗಿ ಮೀರಬಹುದು. ಡಿಸ್ನಿಯ ಹಡಗುಗಳಲ್ಲಿ ಇಂಥ ಅಪರಿಮಿತ ಮದ್ಯದ ಪ್ಯಾಕೇಜೇ ಇಲ್ಲ.

ಹಣಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಪ್ಯಾಕೇಜ್ ಮನಸ್ಸಿನ ಮೇಲೆ ಮಾಡುವ ಕೆಲಸ. ಕೊಟ್ಟ ದುಡ್ಡು ಹುಟ್ಟಬೇಕಾದರೆ ದಿನಕ್ಕೆ ಐದಾರು ಗ್ಲಾಸು ಕುಡಿಯಬೇಕು ಎಂಬ ಲೆಕ್ಕ ತಲೆಗೆ ಹೊಕ್ಕರೆ, ಮನೆಯಲ್ಲಿ ವಾರಕ್ಕೊಂದು ಬಿಯರ್ ಕುಡಿಯುವ ಮನುಷ್ಯನೂ ಮದುವೆಮನೆಯ ಊಟಕ್ಕೆ ಕೂತವನಂತೆ ಆಗುತ್ತಾನೆ. ಕಾರ್ನಿವಲ್‌ನ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಗ್ಲಾಸು ಮದ್ಯವೆಂಬ ಮಿತಿ ಇದೆ. ಮಕ್ಕಳನ್ನು ನೋಡಿಕೊಳ್ಳಬೇಕಾದವರ ಲೆಕ್ಕದಲ್ಲಿ ಅದನ್ನು ಮಿತಿ ಎನ್ನಲು ನಾಲಿಗೆ ಏಳುವುದಿಲ್ಲ. ಕುಡಿದಷ್ಟಕ್ಕೆ ಬಿಡಿಬಿಡಿಯಾಗಿ ಹಣ ಕೊಡುವುದೇ ಕುಟುಂಬಸ್ಥರಿಗೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಗ್ಲಾಸಿಗೊಂದು ಬಿಲ್ಲು ಬಂದಾಗ ಕೈ ತಾನಾಗಿ ಹಿಂಜರಿಯುತ್ತದೆ.

ಪ್ರಶ್ನೆ: ನಾವಿಬ್ಬರೂ ರಜೆಗೆ ಬಂದಿದ್ದೇವೆ, ಇಬ್ಬರೂ ಸ್ವಲ್ಪ ಕುಡಿಯುತ್ತೇವೆ. ಮಕ್ಕಳು ಕ್ಲಬ್‌ನಲ್ಲಿರುವಾಗ ಅದರಲ್ಲಿ ತೊಂದರೆ ಏನು?

ಕುಡಿಯಬಾರದೆಂದು ನಾನು ಹೇಳುತ್ತಿಲ್ಲ. ಒಂದೇ ರಾತ್ರಿ ಇಬ್ಬರೂ ಅಮಲೇರುವಷ್ಟು ಕುಡಿಯಬಾರದು ಎನ್ನುತ್ತಿದ್ದೇನೆ. ಒಂದು ರಾತ್ರಿ ಒಬ್ಬರ ಪಾಳಿ, ಮರುರಾತ್ರಿ ಇನ್ನೊಬ್ಬರ ಪಾಳಿ ಎಂದು ಹಡಗು ಹತ್ತುವ ಮೊದಲೇ ಹಂಚಿಕೊಂಡರೆ ಅಲ್ಲಿ ಹೋದ ಮೇಲೆ ಮುನಿಸಿಗೆ ಜಾಗವಿರುವುದಿಲ್ಲ. ಎರಡು ಮೂರು ಕುಟುಂಬಗಳು ಒಟ್ಟಿಗೆ ಹೋಗುವಾಗ ಇದು ಇನ್ನೂ ಅಗತ್ಯ. ಆಗ "ಅವರು ನೋಡಿಕೊಳ್ಳುತ್ತಿರಬಹುದು" ಎಂದು ಎಲ್ಲರೂ ಅಂದುಕೊಂಡು ಯಾರೂ ನೋಡದೇ ಇರುವುದುಂಟು, ಮತ್ತು ಆ ಭಾರವೆಲ್ಲ ಕೊನೆಗೆ ಕುಡಿಯದ ಒಬ್ಬ ಹೆಂಗಸಿನ ತಲೆಯ ಮೇಲೆ, ಏಳು ರಾತ್ರಿಯೂ, ಬಂದು ಕೂರುವುದು ನಮ್ಮ ಬಳಗಗಳಲ್ಲಿ ಹೊಸದೇನಲ್ಲ.

ಪಾಳಿ ಏಕೆ ಬೇಕೆನ್ನುವುದಕ್ಕೆ ಹಡಗಿನಲ್ಲಿ ಕಾರಣಗಳು ಬೇಕಾದಷ್ಟಿವೆ. ಈಜುಕೊಳವನ್ನೇ ತೆಗೆದುಕೊಳ್ಳಿ. ಡಿಸ್ನಿ 2013ರಲ್ಲಿ, ರಾಯಲ್ ಕೆರಿಬಿಯನ್ ಮತ್ತು ನಾರ್ವೀಜಿಯನ್ 2017ರಲ್ಲಿ ಈಜುಕೊಳಗಳಿಗೆ ಜೀವರಕ್ಷಕರನ್ನು ನೇಮಿಸಲು ತೊಡಗಿದವು. ಅವರನ್ನು ನೇಮಿಸದ ಕಂಪನಿಗಳೂ ಇವೆ. ಮುಳುಗುವ ಮಗು ಕಿರುಚುವುದಿಲ್ಲ, ಕೈಬಡಿಯುವುದಿಲ್ಲ. ಸದ್ದಿಲ್ಲದೆ, ಒಂದೆರಡು ನಿಮಿಷಗಳಲ್ಲಿ, ಸಂಗೀತ ಅಬ್ಬರಿಸುತ್ತಿರುವಾಗಲೇ ಅದು ನಡೆದುಹೋಗುತ್ತದೆ. ನೀರಿನ ಅಂಚಿನಲ್ಲಿ ಕೂತ ದೊಡ್ಡವರ ಕೈಯಲ್ಲಿ ಗ್ಲಾಸೂ ಇರಬಾರದು, ಫೋನೂ ಇರಬಾರದು.

ಬಾಲ್ಕನಿ ಇನ್ನೊಂದು. ಅಮೆರಿಕದ 2010ರ ಕ್ರೂಸ್ ಹಡಗು ಭದ್ರತಾ ಕಾಯ್ದೆಯಂತೆ ಕಂಬಿಯ ಎತ್ತರ ಕನಿಷ್ಠ 42 ಇಂಚು, ಅಂದರೆ ಸುಮಾರು 107 ಸೆಂಟಿಮೀಟರ್. ನಿಂತ ಮಗುವಿಗೆ ಅದು ಸಾಕು. ಪ್ಲಾಸ್ಟಿಕ್ ಕುರ್ಚಿ ಹತ್ತಿದ ಮಗುವಿಗೂ, ಕಂಬಿಯ ಮೇಲೆ ಕೂರಲು ಹೋಗುವ ಅಮಲಿನ ವಯಸ್ಕನಿಗೂ ಸಾಲದು. ಕುರ್ಚಿಗಳನ್ನು ರಾತ್ರಿ ಒಳಗೆ ಎಳೆದಿಟ್ಟು, ಬಾಲ್ಕನಿಯ ಬಾಗಿಲಿನ ಮೇಲ್ಚಿಲಕ ಹಾಕುವ ಕೆಲಸ ಪಾಳಿಯವರದು.

ಮಕ್ಕಳ ಕ್ಲಬ್‌ನ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ರಾತ್ರಿ 10ರವರೆಗೆ ಉಚಿತ, ಆ ನಂತರ ಗಂಟೆಗಿಷ್ಟು ಎಂದು ಶುಲ್ಕ. ಕಾರ್ನಿವಲ್‌ನಲ್ಲಿ 1ರವರೆಗೆ, ರಾಯಲ್ ಕೆರಿಬಿಯನ್‌ನಲ್ಲಿ 2ರವರೆಗೆ. ಮಗು ನಡುವೆ ಜ್ವರವೆಂದೋ ಹೊಟ್ಟೆನೋವೆಂದೋ ಅತ್ತರೆ ಯಾವ ಹೊತ್ತಿಗಾದರೂ ನಿಮಗೆ ಕರೆ ಬರುತ್ತದೆ. ಇನ್ನು ತುರ್ತುಸ್ಥಿತಿ. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಬಂಡೆಗೆ ಬಡಿದಾಗ ರಾತ್ರಿ ಪೌನೇ ಹತ್ತು, ಜನ ಊಟದ ಮೇಜಿನಲ್ಲಿದ್ದರು. 32 ಮಂದಿ ಸತ್ತರು. ಆ ದುರಂತದ ನಂತರ ಅಂತರರಾಷ್ಟ್ರೀಯ ನಿಯಮ ಬದಲಾಗಿ, 2015ರಿಂದ ಸುರಕ್ಷಾ ತಾಲೀಮನ್ನು ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಸುವುದು ಕಡ್ಡಾಯವಾಯಿತು. ಮಕ್ಕಳ ಕೈಗೆ ಕಟ್ಟುವ ಪಟ್ಟಿಯ ಮೇಲೆ ಅವರು ಸೇರಬೇಕಾದ ಜಾಗದ ಗುರುತು ಇರುತ್ತದೆ; ಆದರೆ ಕತ್ತಲಲ್ಲಿ, ಓಲಾಡುವ ಮೆಟ್ಟಿಲಿನಲ್ಲಿ, ಜೀವರಕ್ಷಕ ಜಾಕೆಟ್ ತೊಡಿಸಿ ಮಗುವನ್ನು ಎತ್ತಿಕೊಳ್ಳಬೇಕಾದವರ ಕಾಲು ನೆಟ್ಟಗಿರಬೇಕಲ್ಲ.

ಎಷ್ಟು ಕುಡಿದರೆ "ಸ್ವಲ್ಪ"? ಅಮೆರಿಕದ ಲೆಕ್ಕದಲ್ಲಿ ಒಂದು ಮದ್ಯವೆಂದರೆ 14 ಗ್ರಾಂ ಶುದ್ಧ ಆಲ್ಕೊಹಾಲ್: 355 ಮಿಲಿಲೀಟರ್ ಬಿಯರ್, ಸುಮಾರು 150 ಮಿಲಿಲೀಟರ್ ವೈನ್, ಅಥವಾ 44 ಮಿಲಿಲೀಟರ್ ವಿಸ್ಕಿ. ನಮ್ಮ ಊರಿನ 60 ಮಿಲಿಲೀಟರಿನ ದೊಡ್ಡ ಪೆಗ್ ಆ ಲೆಕ್ಕದಲ್ಲಿ ಸುಮಾರು ಒಂದೂವರೆ. ಲಾಂಗ್ ಐಲ್ಯಾಂಡ್ ಐಸ್‌ಡ್ ಟೀ ಎಂಬ ಸಾಧು ಹೆಸರಿನ ಪಾನೀಯದಲ್ಲಿ ಚಹಾ ಇರುವುದಿಲ್ಲ, ನಾಲ್ಕೈದು ಬಗೆಯ ಮದ್ಯ ಇರುತ್ತದೆ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಮದ್ಯವನ್ನಷ್ಟೇ ಕರಗಿಸಬಲ್ಲದು. ತಣ್ಣೀರ ಸ್ನಾನವಾಗಲಿ ಕಾಫಿಯಾಗಲಿ ಆ ವೇಗವನ್ನು ಹೆಚ್ಚಿಸುವುದಿಲ್ಲ.

ಪ್ರಶ್ನೆ: ಕುಡಿದ ಅಪರಿಚಿತನೊಬ್ಬ ನಮ್ಮ ಮಗಳಿಗೆ ತೊಂದರೆ ಕೊಟ್ಟರೆ ಯಾರಿಗೆ ಹೇಳಬೇಕು?

ಹತ್ತಿರದ ಸಿಬ್ಬಂದಿಗೆ ಹೇಳಿ, ಅಥವಾ ಯಾವುದೇ ಫೋನಿನಿಂದ ಗೆಸ್ಟ್ ಸರ್ವೀಸಸ್‌ಗೆ ಕರೆ ಮಾಡಿ ಭದ್ರತಾ ಸಿಬ್ಬಂದಿಯನ್ನು ಕರೆಸಿ. "ಪರವಾಗಿಲ್ಲ ಬಿಡಿ, ರಜೆ ಹಾಳಾಗುತ್ತದೆ" ಎಂಬ ಸಂಕೋಚ ಬೇಡ. ವರದಿಯನ್ನು ಬರಹದಲ್ಲಿ ದಾಖಲಿಸಿ ಪ್ರತಿ ಕೇಳಿ. ಹೊತ್ತು, ಡೆಕ್, ಜಾಗವನ್ನು ನೀವೂ ಬರೆದಿಡಿ, ಏಕೆಂದರೆ ಕ್ಯಾಮೆರಾದ ದೃಶ್ಯ ಹುಡುಕಲು ಅದೇ ಆಧಾರ. ಮೇಲೆ ಹೇಳಿದ 2010ರ ಕಾಯ್ದೆ ಅಮೆರಿಕದಿಂದ ಹೊರಡುವ ಅಥವಾ ಅಲ್ಲಿ ಮುಗಿಯುವ, ಕನಿಷ್ಠ 250 ಪ್ರಯಾಣಿಕರ ಸಾಮರ್ಥ್ಯದ ಹಡಗುಗಳಿಗೆ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯದಂಥ ಗಂಭೀರ ಅಪರಾಧವನ್ನು ಹಡಗು ಎಫ್‌ಬಿಐಗೆ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ತಿಳಿಸಲೇಬೇಕು, ವೈದ್ಯಕೀಯ ಪರೀಕ್ಷೆಯ ಸಾಮಗ್ರಿ ಮತ್ತು ತರಬೇತಾದ ಸಿಬ್ಬಂದಿ ಹಡಗಿನಲ್ಲಿರಲೇಬೇಕು. ನೀವು ನೇರವಾಗಿಯೂ ಎಫ್‌ಬಿಐಯನ್ನು ಸಂಪರ್ಕಿಸಬಹುದು. ಇಂಥ ಅಪರಾಧಗಳ ಅಂಕಿಅಂಶವನ್ನು ಅಮೆರಿಕದ ಸಾರಿಗೆ ಇಲಾಖೆ ಕಂಪನಿವಾರು ಪ್ರಕಟಿಸುತ್ತದೆ. ಟಿಕೆಟ್ ಕೊಳ್ಳುವ ಮೊದಲು ನೋಡಬಹುದು.

ಕಂಪನಿಯೇ ಮಿತಿಮೀರಿ ಕುಡಿಸಿದ್ದರಿಂದ ಅನಾಹುತವಾಯಿತು ಎಂದು ದಾವೆ ಹೂಡಲು ಸಾಧ್ಯವೇ ಎಂದೂ ಕೇಳುತ್ತಾರೆ. 2004ರಲ್ಲಿ ಫ್ಲಾರಿಡಾದ ಮೇಲ್ಮನವಿ ನ್ಯಾಯಾಲಯವೊಂದು ಅಂಥ ದಾವೆ ನಡೆಯಬಹುದೆಂದು ಹೇಳಿದೆ. ಆದರೆ ಟಿಕೆಟ್ಟಿನ ಹಿಂದಿನ ಕರಾರಿನಲ್ಲಿ ದಾವೆಗೆ ಸಾಮಾನ್ಯವಾಗಿ ಒಂದು ವರ್ಷದ ಗಡುವೂ, ಹಲವು ದೊಡ್ಡ ಕಂಪನಿಗಳ ವಿಷಯದಲ್ಲಿ ಮಯಾಮಿಯ ನ್ಯಾಯಾಲಯವೇ ಆಗಬೇಕೆಂಬ ಷರತ್ತೂ ಇರುತ್ತವೆ.

ಪ್ರಶ್ನೆ: ಮಗ ಕುಡಿದು ಬಂದಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ. ಬೆಳಗಿನವರೆಗೆ ಮಲಗಿಸಿದರೆ ಸರಿಹೋಗುತ್ತದೆಯೇ?

ಮಲಗಿಸಿ ಬಿಡಬೇಡಿ. ಕೊನೆಯ ಗ್ಲಾಸಿನ ಮದ್ಯ ರಕ್ತಕ್ಕೆ ಸೇರಲು ಹೊತ್ತು ಹಿಡಿಯುವುದರಿಂದ ನಿದ್ದೆಯಲ್ಲಿಯೂ ಅಮಲು ಏರುತ್ತಲೇ ಇರುತ್ತದೆ. ಎಬ್ಬಿಸಿದರೂ ಎಚ್ಚರವಾಗದಿರುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ, ಮೈ ತಣ್ಣಗಾಗುವುದು, ತುಟಿ ಉಗುರು ನೀಲಿಗಟ್ಟುವುದು, ಸೆಳವು, ಪ್ರಜ್ಞೆಯಿಲ್ಲದೆ ವಾಂತಿ. ಇವುಗಳಲ್ಲಿ ಯಾವುದೊಂದು ಕಂಡರೂ ತಕ್ಷಣ ಕ್ಯಾಬಿನ್ನಿನ ಫೋನಿನಿಂದ ತುರ್ತು ಸಂಖ್ಯೆಗೆ ಕರೆ ಮಾಡಬೇಕು. ಬಹಳಷ್ಟು ಹಡಗುಗಳಲ್ಲಿ ಅದು 911. ನಿಮ್ಮ ಹಡಗಿನದು ಯಾವುದೆಂದು ಹತ್ತಿದ ದಿನವೇ ನೋಡಿಟ್ಟುಕೊಳ್ಳಿ. ವೈದ್ಯರು ಬರುವವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕದಂತೆ ನೋಡಿಕೊಳ್ಳಿ, ಒಂಟಿಯಾಗಿ ಬಿಡಬೇಡಿ. ಮಜ್ಜಿಗೆ, ನಿಂಬೆರಸ, ಕಾಫಿ ಕುಡಿಸಲು ಹೋಗಬೇಡಿ. ಕಂಪನಿ ದಂಡ ಹಾಕೀತು, ಮರ್ಯಾದೆ ಹೋದೀತು ಎಂದು ಕಾಯುತ್ತಾ ಕೂರುವ ಹೊತ್ತು ಅದಲ್ಲ. ಬೈಗುಳ ನಾಳೆಗಿರಲಿ.

ಪ್ರಶ್ನೆ: ಇನ್ಶೂರೆನ್ಸ್ ಇದೆಯಲ್ಲ?

ಬಹುತೇಕ ಪ್ರವಾಸ ವಿಮೆಗಳು ಮದ್ಯದ ಅಮಲಿನಿಂದಾದ ಗಾಯ, ಕಾಯಿಲೆಗಳನ್ನು ಹೊರಗಿಡುತ್ತವೆ. ಹಡಗಿನ ವೈದ್ಯರ ಬಿಲ್ಲು ನೇರವಾಗಿ ನಿಮ್ಮ ಖಾತೆಗೆ ಸೇರುತ್ತದೆ, ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸಬೇಕಾದರೆ ಖರ್ಚು ಊಹೆಗೆ ಮೀರಿದ್ದು. ಊರಿನಿಂದ ಬಂದ ಹಿರಿಯರ ವಿಮೆಯಲ್ಲಿ ಈ ಷರತ್ತನ್ನು ವಿಶೇಷವಾಗಿ ಓದಿ.

ಪ್ರಶ್ನೆ: ಮಾವನವರಿಗೆ ಸಂಜೆ ತಮ್ಮದೇ ವಿಸ್ಕಿ ಬೇಕು. ಊರಿನಿಂದ ತಂದ ಬಾಟಲಿಯನ್ನು ಒಯ್ಯಬಹುದೇ?

ಆಗುವುದಿಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್‌ಗಳಲ್ಲಿ ಹತ್ತುವ ದಿನ, ವಯಸ್ಸು ದಾಟಿದ ಒಬ್ಬರಿಗೆ 750 ಮಿಲಿಲೀಟರಿನ ಒಂದು ವೈನ್ ಬಾಟಲಿಗಷ್ಟೇ ಅವಕಾಶ; ವಿಸ್ಕಿ, ರಮ್, ಬ್ರಾಂದಿಗೆ ಇಲ್ಲ. ಎಕ್ಸ್-ರೇಯಲ್ಲಿ ಸಿಕ್ಕ ಬಾಟಲಿಗಾಗಿ ಮೊಮ್ಮಕ್ಕಳೆದುರು ಹಿರಿಯರನ್ನು ಭದ್ರತಾ ಕೊಠಡಿಗೆ ಕರೆಸುವ ಸನ್ನಿವೇಶವನ್ನು ತಪ್ಪಿಸಲು, ಸೂಟ್‌ಕೇಸ್ ತುಂಬುವಾಗಲೇ ಸೊಸೆಯ ಬದಲು ಮಗನೇ ಈ ಮಾತು ಹೇಳುವುದು ಲೇಸು.

ಪ್ರಶ್ನೆ: ಕುಡಿತದ ಗದ್ದಲ ಕಡಿಮೆ ಇರುವ ಯಾನವನ್ನು ಆರಿಸುವುದು ಹೇಗೆ?

ಅವಧಿ ನೋಡಿ, ಕಾಲ ನೋಡಿ. ಶುಕ್ರವಾರ ಹೊರಟು ಸೋಮವಾರ ಮುಗಿಯುವ ಮೂರು ರಾತ್ರಿಯ ಅಗ್ಗದ ಯಾನಗಳಲ್ಲಿ ಮೋಜಿನ ಗುಂಪುಗಳು ಹೆಚ್ಚು. ಏಳು ರಾತ್ರಿಯ ಯಾನಗಳಲ್ಲಿ ಕುಟುಂಬಗಳೂ ವಯಸ್ಸಾದವರೂ ಹೆಚ್ಚು. ಮಾರ್ಚ್ ತಿಂಗಳು ಅಮೆರಿಕದ ಕಾಲೇಜುಗಳ ವಸಂತ ರಜೆ, ಆಗ ಹೋಗದಿರುವುದು ಕ್ಷೇಮ. ಕ್ಯಾಬಿನ್ ಆರಿಸುವಾಗ ಈಜುಕೊಳದ ಡೆಕ್ಕಿಗೂ ನೈಟ್‌ಕ್ಲಬ್ಬಿಗೂ ಒಂದೆರಡು ಮಹಡಿ ದೂರವಿರಲಿ, ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಕಾರಿಡಾರಿನ ಹಾಡುಗಾರಿಕೆಯನ್ನು ಮಕ್ಕಳೊಂದಿಗೆ ನೀವೂ ಕೇಳಬೇಕಾಗುತ್ತದೆ.

ಪ್ರಶ್ನೆ: ನಾವು ಬೆಂಗಳೂರಿನವರು, ಮುಂಬೈಯಿಂದ ಹೊರಡುವ ಹಡಗಿಗೆ ಹೋಗುತ್ತೇವೆ. ಅಲ್ಲಿ ಹೇಗೆ?

ಭಾರತದಲ್ಲಿ ಮದ್ಯದ ಕಾನೂನು ರಾಜ್ಯಗಳದು. ಗೋವಾದಲ್ಲಿ 18, ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿಯಂಥವಕ್ಕೆ 25, ಕರ್ನಾಟಕದ ನಿಯಮದಲ್ಲಿ 21, ಅದನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ವಿರೋಧ ಬಂದಾಗ ಸರ್ಕಾರ ಹಿಂತೆಗೆದುಕೊಂಡಿತು. ಲಕ್ಷದ್ವೀಪದಲ್ಲಿ ಬಂಗಾರಂ ದ್ವೀಪವನ್ನು ಬಿಟ್ಟರೆ ಪಾನನಿಷೇಧವಿದೆ, ಆದ್ದರಿಂದ ಹಡಗಿನಿಂದ ಬಾಟಲಿ ಹಿಡಿದು ಇಳಿಯುವುದು ಅಪರಾಧ. 2021ರಿಂದ ಮುಂಬೈಯಿಂದ ಓಡುತ್ತಿರುವ ಕಾರ್ಡೀಲಿಯಾದಂಥ ಹಡಗಿಗೆ ಕಾದಿರಿಸುವಾಗ, ಆ ಯಾನದಲ್ಲಿ ಯಾವ ವಯೋಮಿತಿ ಅನ್ವಯಿಸುತ್ತದೆ, ಮಕ್ಕಳ ಕ್ಲಬ್ ಎಷ್ಟು ಹೊತ್ತಿನವರೆಗೆ, ಕಚೇರಿಗಳ ಅಥವಾ ಮದುವೆಯ ದೊಡ್ಡ ಗುಂಪು ಹಡಗಿನಲ್ಲಿದೆಯೇ ಎಂಬ ಮೂರನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಮೂರನೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಎರಡು ರಾತ್ರಿಯ ಯಾನದ ಸ್ವರೂಪವನ್ನು ಅಂಥದೊಂದು ಗುಂಪೇ ನಿರ್ಧರಿಸಿಬಿಡುತ್ತದೆ.

ಪ್ರಶ್ನೆ: ವಾಂತಿಯಾಗದಂತೆ ಊರಿನಿಂದ ಅವೊಮಿನ್ ಮಾತ್ರೆ ತಂದಿದ್ದೇವೆ. ಅದನ್ನು ನುಂಗಿ ಒಂದು ಗ್ಲಾಸ್ ವೈನ್ ಕುಡಿಯಬಹುದೇ?

ಕುಡಿಯಬೇಡಿ. ಅವೊಮಿನ್‌ನಲ್ಲಿರುವ ಪ್ರೊಮೆಥಜಿನ್ ಆಗಲಿ, ಹಡಗಿನಲ್ಲಿ ಸಿಗುವ ಮೆಕ್ಲಿಜಿನ್ ಆಗಲಿ ತಾವೇ ಮಂಪರು ತರುತ್ತವೆ. ಮದ್ಯ ಸೇರಿದರೆ ಅದು ಇಮ್ಮಡಿಸಿ, ಒಂದು ಗ್ಲಾಸಿಗೇ ಮೂರು ಗ್ಲಾಸು ಕುಡಿದವರಂತೆ ಕಣ್ಣು ಎಳೆಯಬಹುದು. ಆ ರಾತ್ರಿ ಮಾತ್ರೆ ನುಂಗಿದವರನ್ನು ಮಕ್ಕಳ ಪಾಳಿಗೂ ಹಾಕಬೇಡಿ. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂಥದ್ದಲ್ಲ. ದೊಡ್ಡ ಮಕ್ಕಳಿಗೆ ಎಷ್ಟು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಂಡು, ಚೀಟಿಯನ್ನು ಮಾತ್ರೆಯ ಪಟ್ಟಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ.